ಅಜ್ಜಿ ಹಾಕದ ಸಹಿ

ಹಂದನಕೆರೆ ಕಡೆ ಗುಡ್ಡದ ಒಣಹುಲ್ಲಿಗೆ ಬಿದ್ದ ಬೆಂಕಿ ಒಂದು ತೆಂಗಿನ ತೋಟದ ಬೇಲಿವರೆಗೂ ಇಳಿದಿತ್ತು. ಫೈರ್ ಇಂಜಿನ್ನಿನಲ್ಲಿ ಹೋದ ನಾವು ಹಸಿ ಸೊಪ್ಪಿನಲ್ಲಿ ಬಡಿದು, ನೀರು ಹೊಡೆದು ಆರಿಸಿದೆವು. ಬೇಲಿ ಪಕ್ಕ ಕಾಯಿ ಸುಲಿದು ಹಾಕಿದ್ದ ತೆಂಗಿನ ಮಟ್ಟೆ ರಾಶಿಗೂ ನೀರು ಬಿಟ್ಟಿದ್ದೆ. ಹೊಗೆ ನಿಂತಿತ್ತು. ಬೆಂಕಿ ಪೂರ್ತಿ ಆರಿದೆ ಅಂತ ತೋಟದವರ ಸಹಿಯೊಂದು ಬೇಕಿತ್ತು, ಅಷ್ಟೇ.

ತೋಟದ ಅಜ್ಜಿ ಪೆನ್ನು ಮುಟ್ಟಲಿಲ್ಲ. "ಮಟ್ಟೆ ಆರಿಲ್ಲ ಕಣಪ್ಪ."

"ನಮಗೆ ಇದೇ ಕೆಲಸ ಅಜ್ಜಿ," ಅಂದೆ, ಸ್ವಲ್ಪ ಜೋರಾಗೇ.

"ಇರ್ಲಿ ಬುಡು. ರಾತ್ರಿ ಮಟ್ಟೆ ಕೆಂಡಾನ ಬೂದೀಲಿ ಮುಚ್ಚಿಟ್ಟು, ಬೆಳಿಗ್ಗೆ ಅದ್ರಲ್ಲೇ ಒಲೆ ಹಚ್ತಿದ್ದೋಳು ನಾನು. ಬಗ್ದು ನೋಡು," ಎಂದು ಗುದ್ದಲಿ ಕೊಟ್ಟರು.

ಮೊಣಕಾಲುದ್ದ ಬಗೆದೆ. ಒಳಗೆ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಸಂಜೆ ಗಾಳಿ ಎದ್ದಿದ್ದರೆ ತೋಟವೂ ಹೋಗುತ್ತಿತ್ತು, ತೋಟದೊಳಗೆ ಕಟ್ಟಿದ್ದ ಅಜ್ಜಿಯ ಹಸುಗಳೂ ಹೋಗುತ್ತಿದ್ದವು.

ರಾಶಿಯನ್ನೆಲ್ಲ ಹರಡಿ ಮತ್ತೆ ನೀರು ಹೊಡೆದೆವು. ಅಜ್ಜಿ ಅಲ್ಲಲ್ಲಿ ಅಂಗೈ ಇಟ್ಟು ನೋಡಿದ ಮೇಲೇ ಸಹಿ ಹಾಕಿದ್ದು. ಆಮೇಲೆ ಎಳನೀರು ಕೆತ್ತಿ ಕೊಟ್ಟರು. ಕೈ ಮುಗಿದು ಈಸಿಕೊಂಡೆ.

ಈಗ ಎಲ್ಲೇ ಹೋದರೂ ನಾನೂ ಅಂಗೈ ಇಟ್ಟು ನೋಡುತ್ತೇನೆ. ಆ ದಿನದ ಕಾಗದದಲ್ಲಿ ಮಾತ್ರ ಬೆಂಕಿ ಆರಿಸಿದವರು ಅನ್ನೋ ಕಡೆ ನನ್ನ ಹೆಸರಿದೆ. ಅಜ್ಜಿ ಕೆಳಗೆ, ಬರೀ ಸಾಕ್ಷಿ.