ತೊಗಲ ಬಿಲ್ಲೆಗೆ ಹಚ್ಚಿದ ಕುಸುಬಿ ಎಣ್ಣೆ

ಆ ಛರ್ರೆ ಬಂದೂಕು ಎರಡನೇ ಸಲ ಕೆಟ್ಟದ್ದು ಹಳೇದು ಅಂತಲ್ಲ, ನಾನು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ ಅಂತ. ಮೊಮ್ಮಕ್ಕಳಿಗೆ ಅವರ ತಾತ ಬೇರೆ ಕಥೆ ಹೇಳಿಟ್ಟಿದ್ದಾರೆ. ಅದು ನನ್ನ ಮಾನ ಉಳಿಸೋದಕ್ಕೆ.

ಕನ್ನಡನಾಡೆಲ್ಲ ಒಂದಾಗಿ ನಾಲ್ಕಾರು ವರ್ಷ ಆಗಿದ್ದ ಕಾಲ. ನಮ್ಮ ಯಜಮಾನರು ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಫಿಟ್ಟರು. ಅರಳೆ ಧೂಳು ಕುಡಿದು ಕುಡಿದು ಕೆಮ್ಮು ಹತ್ತಿತ್ತು. ಹರಿಹರದ ಕಾರ್ಖಾನೆಯ ಎಂಜಿನಿಯರೊಬ್ಬರು ತಮ್ಮ ಬಂಗಲೆಯ ಅಟ್ಟದಲ್ಲಿ ಸಿಕ್ಕ, ಗಾಳಿಯಿಂದ ಸೀಸದ ಛರ್ರೆ ಹಾರಿಸುವ ಬಂದೂಕು ಕೊಟ್ಟು, "ಇದಕ್ಕೆ ಜೀವ ತಂದರೆ ನಮ್ಮ ವರ್ಕ್‌ಶಾಪಿಗೆ ಬಾ" ಅಂದಿದ್ದರು. ಧೂಳಿಲ್ಲದ ಕೆಲಸ. ಹಾಗಾಗಿ ಪಡಸಾಲೆಯಲ್ಲಿ ಹಳೇ ಧೋತ್ರ ಹಾಸಿ ಅದರ ಕರುಳನ್ನೆಲ್ಲ ಬಿಚ್ಚಿ ಹರವಿದರು: ನಳಿಗೆ, ಸ್ಪ್ರಿಂಗು ಬಿಗಿಯಲು ಎಳೆಯುವ ಸನ್ನೆ, ಬೆರಳಿಟ್ಟು ಹಾರಿಸುವ ಕುದುರೆ, ಸ್ಪ್ರಿಂಗು, ಗಾಳಿ ನೂಕುವ ದಂಡ, ದಂಡದ ತುದಿಗೆ ಒಣಗಿದ ತೊಗಲಿನ ಬಿಲ್ಲೆ.

ಬಿಚ್ಚೋದು ಸುಲಭ. ಕೂಡಿಸೋದಕ್ಕೆ ಎಂಟು ದಿನ ಒದ್ದಾಡಿದರು. ಬಿಚ್ಚುವಾಗ ನಾನು ಎದುರಿಗೇ ಅಕ್ಕಿ ಆರಿಸುತ್ತ ಕೂತಿದ್ದೆ, ಯಾವುದರ ಹಿಂದೆ ಯಾವುದು ಬಂತು ಅಂತ ಕಣ್ಣಲ್ಲೇ ಇತ್ತು. "ಕುದುರೆ ಮೊದ್ಲು ಕೂಡ್ರಿಸ್ರಿ, ಸನ್ನೆ ಆಮ್ಯಾಲೆ" ಅಂದೆ.

"ನಿಂಗೇನ್ ತಿಳಿತೈತೆ? ಹೋಗು, ರೊಟ್ಟಿ ಸೀದು ಹೋಗ್ತಾವು."

ಮರುದಿನ ನನ್ನ ಮೈದುನನ ಹೆಂಡತಿ ಶಾಂತಾ, ಹರಿಹರದ ಹುಡುಗಿ, ಏಳನೇ ಇಯತ್ತೆ ಓದಿದವಳು, ಬಂದೂಕಿನ ಜೊತೆ ಬಂದಿದ್ದ ಚಿತ್ರದ ಹಾಳೆಯ ಮೇಲೆ ಬೆರಳಾಡಿಸಿ, "ಭಾವಾರೆ, ಕುದುರೆ ಮೊದ್ಲು ಅಂತೈತೆ ನೋಡ್ರಿ" ಅಂದಳು. ಇವರು ತೊಡೆ ತಟ್ಟಿಕೊಂಡರು. "ಹೌದಲ್ಲ! ಓದಿದೋರು ಅಂದ್ರೆ ಹಿಂಗಿರ್ಬೇಕು!"

ನೀವೇ ಹೇಳಿ, ನನ್ನ ಬಾಯಲ್ಲಿ ಬಂದರೆ ರೊಟ್ಟಿಯ ಮಾತು, ಅವಳ ಬಾಯಲ್ಲಿ ಬಂದರೆ ವಿದ್ಯೆಯೇ? ಹೊಟ್ಟೆಕಿಚ್ಚು ಅಂತ ಅದಕ್ಕೆ ಯಾಕೆ ಹೆಸರಿಟ್ಟರೋ. ನನ್ನದು ಉರಿಯಲಿಲ್ಲ. ತಣ್ಣಗೆ, ಅಂಟಂಟಾಗಿ ಒಳಗೆ ಕೂತಿತು; ಉರಿದಿದ್ದರೆ ಅವತ್ತೇ ಜಗಳವಾಡಿ ಮುಗಿಸುತ್ತಿದ್ದೆ.

ಆಗಲೇ ತೊಗಲು ಮೆತ್ತಗಾಗಲಿಕ್ಕೆ ಎಣ್ಣೆ ಬೇಕಾಯಿತು. ಮಿಲ್ಲಿನ ಎಣ್ಣೆ ತೊಗಲಿಗೆ ಒಗ್ಗೋದಿಲ್ಲ ಅಂದರು ಇವರು. "ಅಕ್ಕಾ, ಪಲ್ಯಕ್ಕೆ ಹಾಕೋ ಕುಸುಬಿ ಎಣ್ಣೆನೇ ತರ್ರಿ, ತೆಳ್ಳಗಿರ್ತೈತೆ" ಅಂದಳು ಶಾಂತಾ. ಕುಸುಬಿ ಎಣ್ಣೆ ಗಾಳಿಗೆ ಬಿಟ್ಟರೆ ಗೋಂದಾಗುತ್ತೆ. ಡಬ್ಬಿಯ ಮುಚ್ಚಳ ತಿಂಗಳಿಗೊಮ್ಮೆ ಕೆರೆಯುತ್ತಿದ್ದ ಕೈ ನನ್ನದು. ನನ್ನ ತವರು, ಸಾರಥಿ ಅನ್ನೋ ಹಳ್ಳಿಯಲ್ಲಿ, ಅಪ್ಪ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಿಗೆ ಹಚ್ಚುತ್ತಿದ್ದದ್ದು ಹರಳೆಣ್ಣೆ. ಇಷ್ಟು ಗೊತ್ತಿದ್ದವಳು ಎದ್ದು ಹೋಗಿ ಕುಸುಬಿ ಎಣ್ಣೆಯನ್ನೇ ತಂದುಕೊಟ್ಟೆ. ಅಷ್ಟು ಚುರುಕಾಗಿ ಅವಳಿಗೆ ಒಂದು ಲೋಟ ನೀರೂ ಕೊಟ್ಟವಳಲ್ಲ.

ಛರ್ರೆ ಹಾರಿತು. ಗುರಿಗಿಟ್ಟ ಖಾಲಿ ಡಬ್ಬಿ ಠಣ್ ಅಂತು. ಓಣಿಯವರೆಲ್ಲ ಶಾಂತಾಳ ಮುಖ ನೋಡಿದರು. ಬಂದೂಕು ಹರಿಹರಕ್ಕೆ ಹೋಯಿತು, ಇವರು ಕೆಲಸದ ಕರೆಗೆ ಕಾದರು.

ಎಣ್ಣೆ ಗೋಂದಾಗಲಿಕ್ಕೆ ಇಪ್ಪತ್ತು ದಿನದ ಬಿಸಿಲು ಸಾಕಾಯಿತು. ಎಂಜಿನಿಯರು ನೆಂಟರ ಮುಂದೆ ಕುದುರೆ ಎಳೆದರೆ ದಂಡ ಅಂಟಿಕೊಂಡು, ಛರ್ರೆ ಅವರ ಬೂಟಿನ ಹತ್ತಿರವೇ ಪುಸಕ್ಕನೆ ಉದುರಿತಂತೆ. ಇವರು ಬಂದೂಕು ಹೊತ್ತು ವಾಪಸ್ ಬಂದರು. ಒಂದು ವಾರದ ವಾಯಿದೆ ಸಿಕ್ಕಿತ್ತು, ಅದು ತಪ್ಪಿದರೆ ವರ್ಕ್‌ಶಾಪಿನ ಆಸೆ ಬಿಟ್ಟು ಅದೇ ಅರಳೆ ಧೂಳು. "ಆ ಹುಡುಗಿ ಕೈ ಹಚ್ಚಿದ್ದೇ ತಪ್ಪಾತು. ಇನ್ನು ಇದರ ಹತ್ರ ಬರಬ್ಯಾಡ ಅನ್ನು" ಅಂದು ಕೆಮ್ಮತೊಡಗಿದರು. ಶಾಂತಾ ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಳು.

ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ. ಆದರೆ ಆ ಸಂತೋಷದ ಮಧ್ಯೆ ಕೆಮ್ಮು ನಿಲ್ಲಲೇ ಇಲ್ಲ. ನಾನು ಗೆದ್ದದ್ದು ಶಾಂತಾಳನ್ನ, ಅದಕ್ಕೆ ತೆತ್ತದ್ದು ಇವರ ಎದೆಯನ್ನ.

ಮರುದಿನ ಬೆಳಿಗ್ಗೆ ಇವರು ಮಿಲ್ಲಿಗೆ ಹೊರಡುವ ಮೊದಲೇ ಧೋತ್ರ ಹಾಸಿ ಪಕ್ಕಕ್ಕೆ ಹರಳೆಣ್ಣೆ ಇಟ್ಟೆ. ಶಾಂತಾಳನ್ನೂ ಕರೆದು ಕೂಡ್ರಿಸಿದೆ. "ಎಣ್ಣೆ ತಪ್ಪು ಅಂತ ನಂಗೆ ಅವತ್ತೇ ಗೊತ್ತಿತ್ತು, ಬೇಕಂತಲೇ ಹೇಳ್ಲಿಲ್ಲ" ಅಂದೆ. ಇಬ್ಬರೂ ಕಣ್ಣು ಬಿಟ್ಟರು. ನಾನು ಬಂದೂಕು ತೊಡೆಯ ಮೇಲಿಟ್ಟುಕೊಂಡು ತಿರುಪುಳಿಯಿಂದ ಮೊದಲನೇ ತಿರುಪು ಬಿಚ್ಚಿದೆ. ಶಾಂತಾ ಸಹಾಯಕ್ಕೆ ಕೈ ಚಾಚಿದಳು. ಹಿಡಿದುಕೋ ಅಂತ ಬಿಚ್ಚಿದ ತಿರುಪು ಕೊಟ್ಟೆ, ತಿರುಪುಳಿ ಮಾತ್ರ ಕೊಡಲಿಲ್ಲ.