ಕಳುಹಿಸಿದವರು ಯಾರೆಂದು ಕೇಳುವ ಐಲಾ

ಹಿಮ ಬಾಚುವ ಲಾರಿ ಊರಿನ ಮೊದಲ ಸುತ್ತನ್ನೂ ಮುಗಿಸಿಲ್ಲ. ಸುಪೀರಿಯರ್ ಸರೋವರದ ದಡದಲ್ಲಿರುವ ನಮ್ಮ ದೂರವಾಣಿ ಸಹಕಾರ ಸಂಘದ ಹಿಂದಿನ ಕೋಣೆಯಲ್ಲಿ ಐಲಾ ಕಂಗಾಸ್ ಆಗಲೇ ಬೂಟು ಕೊಡವಿ, ಕಾಫಿ ಬಗ್ಗಿಸಿಕೊಂಡು ಕುಳಿತಿದ್ದಾರೆ. ಎದುರಿಗೆ ಕಪ್ಪು ಪರದೆ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಒಂದು ಸಾಲು ಟೈಪ್ ಮಾಡುತ್ತಾರೆ, ಬಂದ ಉತ್ತರವನ್ನು ಮೂಗಿನ ತುದಿಗೆ ಜಾರಿದ ಕನ್ನಡಕದಲ್ಲಿ ಓದುತ್ತಾರೆ. "ನೀನು ಬ್ಯಾಂಕಿನವನಲ್ಲ ಬಿಡು," ಎಂದು ಪರದೆಗೇ ಹೇಳಿ ಆ ಮೇಲ್ ಅನ್ನು ಅಳಿಸುತ್ತಾರೆ.

ಊರಿನ ಬಹುಪಾಲು ಇಮೇಲ್ ಸಂಘದ ಸರ್ವರ್ ಮೂಲಕವೇ ಬರುತ್ತದೆ. ದಿನಕ್ಕೆ ಸಾವಿರಗಟ್ಟಲೆ. ಹೆಚ್ಚಿನದನ್ನು ಯಂತ್ರವೇ ಸೋಸುತ್ತದೆ. ಅದಕ್ಕೆ ಅನುಮಾನ ಬಂದು ತಡೆಹಿಡಿದದ್ದಷ್ಟೇ ಐಲಾ ಪಾಲಿಗೆ. ಒಳಗೆ ಬರೆದದ್ದನ್ನು ಅವರು ಓದುವುದಿಲ್ಲ. ಯಾರಿಂದ, ಯಾರಿಗೆ, ಯಾವ ಯಂತ್ರದಿಂದ ಎಂಬುದಷ್ಟೇ ಅವರಿಗೆ ಬೇಕು.

"ಇಮೇಲ್ ಮೇಲೆ ಹೆಸ್ರು ಯಾರು ಬೇಕಾದ್ರೂ ಬರ್ಕೋಬಹುದು," ಎಂದು ಪಕ್ಕದಲ್ಲಿ ಕುಳಿತ ನನಗೆ ಹೇಳುತ್ತಾರೆ. "ಅದಕ್ಕೇ ಒಂದೊಂದು ಸಂಸ್ಥೆನೂ, ನಮ್ಮ ಹೆಸರಲ್ಲಿ ಕಳಿಸೋ ಮಷೀನು ಇಂತಿಂಥವು ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕಿರುತ್ತೆ. ಇಲ್ಲಿ 'ಡಿಗ್' ಅಂತ ಹೊಡೆದು ಅವರ ಹೆಸರು ಕೊಟ್ರೆ ಆ ಪಟ್ಟಿ ಬರುತ್ತೆ. ಮೇಲು ಆ ಮಷೀನಿಂದಾನೇ ಬಂದಿದ್ಯಾ ಅಂತ ನೋಡ್ತೀನಿ. ಇನ್ನೇನಿಲ್ಲ."

ಐಲಾ ಅವರ ತಾಯಿ ಇದೇ ಕಟ್ಟಡದಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಐಲಾ ಬಿಲ್ ಕೌಂಟರಿಗೆ ಸೇರಿದರು. ಸರ್ವರ್ ನೋಡಿಕೊಳ್ಳುತ್ತಿದ್ದ ಮುದುಕ ಎಲ್ಮರ್ ನಿವೃತ್ತಿಗೆ ಮುಂಚೆ ಒಂದು ಚಳಿಗಾಲವಿಡೀ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಈಗ ಬೆರಳ ಗೆಣ್ಣುಗಳು ಬಾತು, ಬೆಳಗಿನ ಮೊದಲ ಸಾಲು ಟೈಪ್ ಮಾಡುವಾಗ ಹಲ್ಲು ಕಚ್ಚುತ್ತಾರೆ. ಮೇಲ್ ಕೆಲಸವನ್ನು ಹೊರಗಿನ ದೊಡ್ಡ ಕಂಪನಿಗೆ ಒಪ್ಪಿಸೋಣವೆಂದು ಆಡಳಿತ ಮಂಡಳಿಯಲ್ಲಿ ಆಗಾಗ ಮಾತು ಏಳುತ್ತದೆ.

ಸಡಿಲ ಬಿಟ್ಟರೆ ಏನಾಗುತ್ತದೆಂಬುದು ಕಂಬ ಹತ್ತಿ ತಂತಿ ರಿಪೇರಿ ಮಾಡುವ ಡೆನ್ನಿಗೆ ಗೊತ್ತು. ಗ್ರಂಥಾಲಯದ ಹೆಸರಿನಲ್ಲಿ ಬಂದ ಸುಳ್ಳು ಮೇಲ್ ನಂಬಿ ಅವನ ತಾಯಿ ಪಾಸ್‌ವರ್ಡ್ ಕೊಟ್ಟರು. ಮಾರನೆಯ ದಿನ ಅವರ ಹೆಸರಿನಿಂದ ಚರ್ಚಿನ ಗಾಯನ ತಂಡದವರಿಗೆಲ್ಲ ಹೊಲಸು ಪತ್ರಗಳು ಹೋದವು. ಯಾರೂ ಬೈಯಲಿಲ್ಲ. ಆದರೂ ಆ ತಾಯಿ ಬಹಳ ತಿಂಗಳು ಚರ್ಚಿನತ್ತ ಮುಖ ಹಾಕಲಿಲ್ಲ.

ಕಳೆದ ಫೆಬ್ರುವರಿಯ ಒಂದು ಬೆಳಿಗ್ಗೆ ಐಲಾ ನಿಜವಾದ ಇಕ್ಕಟ್ಟಿಗೆ ಸಿಕ್ಕಿಕೊಂಡರು. ನಗರದ ಕಣ್ಣಿನ ಆಸ್ಪತ್ರೆಯ ಹೆಸರಿನ ಒಂದು ಮೇಲ್ ತಡೆಯಲ್ಲಿ ನಿಂತಿತ್ತು. ಬಂದದ್ದು ಅರ್ವಿಡ್ ಲಾಕ್ಸೊಗೆ. ದೋಣಿ ಕಟ್ಟುವ ಅರ್ವಿಡ್‌ಗೆ ಹುಟ್ಟಿನಿಂದ ಕಿವಿ ಕೇಳದು. ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಂಜಾಗುತ್ತಿತ್ತು. ಅಕ್ಷರಗಳನ್ನು ಅಂಗೈಯಷ್ಟು ದೊಡ್ಡದು ಮಾಡಿಕೊಂಡು ಮೇಲ್ ಓದುತ್ತಿದ್ದರು. ಅವರ ಮನೆಯಿರುವ ಕೊಲ್ಲಿಗೆ ಮೊಬೈಲ್ ಸಿಗ್ನಲ್ ಹೋಗುವುದಿಲ್ಲ. ಕಣ್ಣಿನ ಕಸಿ ಚಿಕಿತ್ಸೆಗೆ ಕರೆ ಬರಬೇಕಾದದ್ದು ಮೇಲ್‌ನಲ್ಲೇ.

ಐಲಾ ಪಟ್ಟಿ ತರಿಸಿದರು. ಕಳುಹಿಸಿದ ಯಂತ್ರ ಅದರಲ್ಲಿರಲಿಲ್ಲ. ಆಸ್ಪತ್ರೆ ತನ್ನ ಮೇಲ್‌ಗಳಿಗೆ ಒತ್ತುವ ಗುಟ್ಟಿನ ಮೊಹರೂ ತಾಳೆಯಾಗಲಿಲ್ಲ. ಆ ಯಂತ್ರದ ವಿಳಾಸ ಯಾರ ಹೆಸರಿನಲ್ಲಿದೆ ಎಂದು ಇನ್ನೊಂದು ಸಾಲು ಹೊಡೆದರೆ, ಆಸ್ಪತ್ರೆಯದೇ ಹೆಸರು ಬಂತು; ಆದರೆ ಆ ಹೆಸರನ್ನೂ ಯಾರು ಬೇಕಾದರೂ ಬರೆಸಿಕೊಳ್ಳಬಹುದು.

ಹಿಂದೆ ನಿಂತಿದ್ದ ಡೆನ್ನಿ, "ಬಿಟ್ಬಿಡು ಐಲಾ, ಪಾಪ. ಆ ಮನುಷ್ಯ ಎಷ್ಟು ದಿನದಿಂದ ಕಾಯ್ತಿದಾನೆ," ಎಂದ.

"ಪಾಪ ಅಂತ ಬಿಡೋ ಹಾಗಿದ್ರೆ ನಾನ್ಯಾಕೋ ಇಲ್ಲಿ?"

"ಅದು ನಿಜವಾದ್ದೇ ಆಗಿದ್ರೆ?"

"ಆಗಿದ್ರೆ ಅವರ ಬಾಯಲ್ಲೇ ಕೇಳೋಣ. ಆ ಫೋನ್ ಪುಸ್ತಕ ಇತ್ಲಾಗ್ ಕೊಡು."

ಆಸ್ಪತ್ರೆಯ ಫೋನ್ ಮೇಜಿನಿಂದ ಮೇಜಿಗೆ ದಾಟುತ್ತಾ ಹೋಯಿತು. ಕೊನೆಗೆ ಅಲ್ಲಿನ ಮೇಲ್ ನೋಡಿಕೊಳ್ಳುವ ಲೂರ್ಡೆಸ್ ಎಂಬವರು ಸಿಕ್ಕರು. ಐಲಾ ಯಂತ್ರದ ವಿಳಾಸ ಓದಿ ಹೇಳಿದರು. ಅತ್ತ ಕೀಲಿಮಣೆಯ ಸದ್ದು, ಆಮೇಲೆ ಒಂದು ನಿಟ್ಟುಸಿರು.

"ನಮ್ಮದೇ ಕಣಮ್ಮ. ಶನಿವಾರ ಹೊಸ ಸರ್ವರ್‌ಗೆ ಬಂದ್ವಿ. ಪಟ್ಟಿಗೆ ಅದನ್ನೂ ಹೊಸ ಮೊಹರನ್ನೂ ಸೇರಿಸೋದೇ ಮರ್ತಿದೀವಿ. ಎಲ್ಲಾ ಊರಲ್ಲೂ ನಮ್ಮ ಮೇಲು ಹೀಗೇ ನಿಂತಿರುತ್ತೆ. ನೀವು ಫೋನ್ ಮಾಡಿದ್ದು ಒಳ್ಳೇದಾಯ್ತು."

"ಸೇರಿಸಿ, ನಾನು ಇಲ್ಲೇ ಕೂತು ನೋಡ್ತಿರ್ತೀನಿ," ಎಂದರು ಐಲಾ.

ಅದೇ ಸಾಲನ್ನು ಮತ್ತೆ ಮತ್ತೆ ಹೊಡೆದರು. ಹಳೆಯ ಪಟ್ಟಿ. ಮತ್ತೆ ಹಳೆಯದೇ. ಡೆನ್ನಿ ಕೆಲಸಕ್ಕೆ ಹೋಗದೆ ಬಾಗಿಲಿಗೊರಗಿ ನಿಂತಿದ್ದ. ಕಡೆಗೊಮ್ಮೆ ಹೊಸ ವಿಳಾಸ ಕಾಣಿಸಿತು, ಮೊಹರೂ ತಾಳೆಯಾಯಿತು. ಐಲಾ ಮೇಲ್ ಬಿಟ್ಟರು. ಬಿಟ್ಟವರು ಸುಮ್ಮನಿರದೆ ಡೆನ್ನಿಗೆ, "ನಿನ್ನ ಲಾರಿ ತಗೊಂಡು ಕೊಲ್ಲಿ ಕಡೆ ಹೋಗು. ಮೇಲ್ ನೋಡೋಕೆ ಹೇಳು, ಅಷ್ಟೇ. ಏನು ಅಂತ ನನಗೂ ಗೊತ್ತಿಲ್ಲ," ಎಂದರು.

ಮೇಲ್‌ನಲ್ಲಿದ್ದದ್ದು ಆಮೇಲೆ ಊರಿಗೆಲ್ಲ ತಿಳಿಯಿತು. ದಾನಿಯ ಕಣ್ಣು ಸಿಕ್ಕಿದೆ, ಮಧ್ಯಾಹ್ನದೊಳಗೆ ಒಪ್ಪಿಗೆ ತಿಳಿಸದಿದ್ದರೆ ಅದು ಮುಂದಿನವರಿಗೆ ಹೋಗುತ್ತದೆ ಎಂದಿತ್ತು. ಅರ್ವಿಡ್ ಸಮಯಕ್ಕೆ ಉತ್ತರ ಕಳಿಸಿದರು.

ಸರೋವರದ ಹಿಮಗಡ್ಡೆ ಒಡೆಯುವ ಹೊತ್ತಿಗೆ, ಚಿಕಿತ್ಸೆ ಮುಗಿಸಿದ ಅರ್ವಿಡ್ ಮಗಳು ಲೀನಾಳೊಂದಿಗೆ ಸಂಘದ ಕಚೇರಿಗೆ ಬಂದರು. ಏಲಕ್ಕಿ ಹಾಕಿದ, ನಿಸು ಎಂಬ ಸಿಹಿ ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಐಲಾ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಕೈಸನ್ನೆಯಲ್ಲಿ ಏನೋ ಹೇಳಿದರು. ಲೀನಾ ಅನುಮಾನಿಸಿದಳು.

"ಹೇಳಮ್ಮ, ಪರವಾಗಿಲ್ಲ."

"ನಿಮ್ಮ ಕೂದಲು ಇಷ್ಟು ಬೆಳ್ಳಗಾಗಿದೆ ಅಂತ ಗೊತ್ತೇ ಇರಲಿಲ್ವಂತೆ."

ಐಲಾ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು.

ಸಂಘದಿಂದ, ಊರಿನಿಂದ ಏನಾದರೂ ಬಯಸುತ್ತೀರಾ ಎಂದು ಹೊರಡುವ ಮುನ್ನ ಕೇಳುತ್ತೇನೆ. ಅವರು ಊದಿದ ಬೆರಳುಗಳನ್ನು ಮಡಚಿ ಬಿಡಿಸುತ್ತಾರೆ.

"ಊರಿಂದ ಏನೂ ಬೇಡ. ಲೀನಾ ಗುರುವಾರ ಕೈಸನ್ನೆ ಪಾಠ ಮಾಡ್ತಾಳೆ, ಸೇರ್ಕೊಂಡಿದೀನಿ. ಈ ಬೆರಳು ಬಗ್ಗಲ್ಲ, ಅವಳು ಬೈತಾಳೆ. ಆದ್ರೂ ಅರ್ವಿಡ್ ಹತ್ರ ಒಂದ್ಸಲ ಮಧ್ಯೆ ಯಾರೂ ಇಲ್ದೆ ಮಾತಾಡ್ಬೇಕು. ಅವನ ಕೂದಲೇನು ಕಮ್ಮಿ ಉದುರಿದ್ಯಾ, ಹೇಳ್ಬೇಕಲ್ಲ."