ಬೀಗ ಹಾಕಿದ ಮನೆಯ ಬಚ್ಚಲು ನೀರು

ಹಳ್ಳಿಮೈಸೂರಿನ ನಾಗಲಕ್ಷ್ಮಿಯ ಹಿತ್ತಿಲಿಗೆ ಎರಡು ಮನೆಗಳ ಬಚ್ಚಲು ನೀರು ಬರುತ್ತಿತ್ತು. ಒಂದು ಅವಳದೇ ಮನೆಯದು, ಇನ್ನೊಂದು ಗೋಡೆಯಾಚೆಯ ಕಾವೇರಮ್ಮನವರದು. ಮೊದಲೆಲ್ಲ ನೀರು ಸುಮ್ಮನೆ ಚರಂಡಿ ಸೇರುವುದನ್ನು ನೋಡಿದರೆ ನಾಗಲಕ್ಷ್ಮಿಗೆ ಹೊಟ್ಟೆ ಉರಿಯುತ್ತಿತ್ತು. ಗಂಡ ಲಕ್ಕಯ್ಯ ಅರಕಲಗೂಡಿಗೆ ಶುಂಠಿ ಮೂಟೆ ಸಾಗಿಸುವ ಗೂಡ್ಸ್ ಆಟೊ ಓಡಿಸುತ್ತಿದ್ದ. ಅವನ ಹಿಂದೆ ಬಿದ್ದು ಒಂದು ಗುಂಡಿ ತೋಡಿಸಿದಳು. ಅದಕ್ಕೆ ಜಲ್ಲಿ, ಇದ್ದಿಲು, ಮರಳು ತುಂಬಿ, ಅಂಚಿಗೆ ಕೊಳೆನೀರು ಹೀರುವ ಕಾಬಾಳೆ ಗಿಡ ನೆಟ್ಟಳು. ಅಲ್ಲಿ ಸೋಸಿದ ನೀರು ಬಾಳೆ, ಕೆಸು, ದಾಸವಾಳದ ಬುಡಕ್ಕೆ ಹರಿಯುತ್ತಿತ್ತು.

ಅದನ್ನು ಕಂಡ ಕಾವೇರಮ್ಮನವರು ತಮ್ಮ ಬಚ್ಚಲಿಗೂ ಒಂದು ಪೈಪು ಹಾಕಿಸಿಕೋ ಎಂದು ತಾವೇ ಹೇಳಿದ್ದರು. ಆದರೆ ಆ ಹಿತ್ತಿಲ ದಾಸವಾಳವನ್ನು ಮಾತ್ರ ಅವರು ಎಂದೂ ದೇವರಿಗೆ ಮುಡಿಸಲಿಲ್ಲ. ಮಿಂದ ನೀರು ಕುಡಿದ ಹೂವು ಎನ್ನುತ್ತಿದ್ದರು. ಮೊಮ್ಮಗಳು ಮುಡಿದರೆ ಅಡ್ಡಿಯಿರಲಿಲ್ಲ.

ಅವರ ಸ್ನಾನವೆಂದರೆ ನಿಧಾನ. ಅಡುಗೆಗೆ ಮೊದಲು, ಎಳೆಬಿಸಿಲು ಗೋಡೆಗೆ ಬೀಳುವ ಹೊತ್ತಿಗೆ, ಪೈಪಿನಿಂದ ಬೆಚ್ಚಗಿನ ನೀರು ಸೀಗೆಕಾಯಿಯ ನೊರೆ ಹೊತ್ತು ಬರುತ್ತಿತ್ತು.

ಒಂದು ದಿನ ಕಾವೇರಮ್ಮನವರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಬ್ಯಾಂಕಿನಲ್ಲಿದ್ದ ಮಗ ಮುರಳೀಕೃಷ್ಣ ಸಂಸಾರದ ಜೊತೆ ಅವರನ್ನೂ ಹಾಸನಕ್ಕೆ ಕರೆದುಕೊಂಡು ಹೋದ. ಅವರು ಮತ್ತೆ ಏಳಲಿಲ್ಲ. ಮಳೆಗಾಲದಲ್ಲಿ ತೀರಿಕೊಂಡ ಸುದ್ದಿ ಬಂತು. ಮನೆಗೆ ಬೀಗ ಬಿತ್ತು. ಪೈಪಿನ ಬಾಯಿಗೆ ಜೇಡ ಬಲೆ ಕಟ್ಟಿತು.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಬಟ್ಟೆ ಹರವಲು ಬಂದ ನಾಗಲಕ್ಷ್ಮಿ ಆ ಪೈಪಿನಿಂದ ನೀರು ಇಳಿಯುವುದನ್ನು ಕಂಡಳು. ಕೈಯೊಡ್ಡಿದಳು. ಬೆಚ್ಚಗಿತ್ತು. ಜಲ್ಲಿಯ ಮೇಲೆ ನೊರೆ ನಿಂತಿತ್ತು, ಸೀಗೆಕಾಯಿಯ ವಾಸನೆಯ ನೊರೆ.

ಲಕ್ಕಯ್ಯ ಹೋಗಿ ನೋಡಿ ಬಂದ. ಬೀಗಕ್ಕೆ ತುಕ್ಕು ಹಿಡಿದಿತ್ತು. ನಲ್ಲಿಯ ಸಂಪರ್ಕವನ್ನು ಮುರಳೀಕೃಷ್ಣನೇ ತೆಗೆಸಿದ್ದ. ಎಲ್ಲೋ ನಿಂತ ನೀರು ಬಿಸಿಲಿಗೆ ಕಾದಿರಬೇಕು ಎಂದ ಲಕ್ಕಯ್ಯ. ಮರುದಿನವೂ ಅದೇ ಹೊತ್ತಿಗೆ ನೀರು ಬಂತು.

ಅವಳು ಕುಕ್ಕರುಗಾಲಲ್ಲಿ ಕೂತು ಪೈಪಿಗೆ ಕಿವಿಯಿಟ್ಟಳು. ಒಳಗೆ ಚೆಂಬು ಹಂಡೆಯ ತಳ ಕೆರೆಯುವ ಸದ್ದು, ಆಮೇಲೆ ಕಲ್ಲಿನ ಮೇಲೆ ನೀರು ಬೀಳುವ ಸದ್ದು.

“ಒಳ್ಗೆ ಯಾರವ್ವಾ ಇರೋದು?”

ಸದ್ದು ನಿಂತಿತು. ಯಾರೋ ಚೆಂಬು ಎತ್ತಿದ ಕೈಯನ್ನು ಹಾಗೇ ಹಿಡಿದು ಆಲಿಸುತ್ತಿರುವಂತಿತ್ತು. ನಾಗಲಕ್ಷ್ಮಿ ಒಳಗೆ ಓಡಿ ಹಿತ್ತಿಲ ಬಾಗಿಲು ಹಾಕಿಕೊಂಡಳು.

ಅಂದಿನಿಂದ ನೀರು ಬರಲಿಲ್ಲ. ಹೆದರಿಕೆ ಇಳಿದ ಮೇಲೆ ಅವಳಿಗೆ ಬೇರೆಯದೇ ಸಂಕಟ ಶುರುವಾಯಿತು. ಅರ್ಧ ಸ್ನಾನದಲ್ಲಿ ಯಾರನ್ನೋ ಎಬ್ಬಿಸಿದಂತೆ ಅನ್ನಿಸಿ ಊಟ ಸೇರದಾಯಿತು. ಕೊನೆಗೆ ಮತ್ತೆ ಹೋಗಿ ಪೈಪಿನ ಮುಂದೆ ಕೂತಳು.

“ತೆಪ್ಪಾಯ್ತು ಕಣಮ್ಮ. ನೀವು ನೀರ್ ಉಯ್ಕಳಿ. ನಾನಿನ್ನು ಕೇಳಾಕಿಲ್ಲ.”

ಮರುದಿನ ಬೆಳಿಗ್ಗೆ ನೀರು ಹರಿಯಿತು.

ಅವಳು ಎಲ್ಲವನ್ನೂ ಗಂಡನಿಗೆ ಹೇಳಿದಳು. ಅವನು ನಗಲಿಲ್ಲ, ಮುರಳೀಕೃಷ್ಣನಿಗೆ ಫೋನು ಮಾಡಿದ. ಭಾನುವಾರ ಮುರಳೀಕೃಷ್ಣ ಬರುವ ಮುಂಚೆಯೂ ಪೈಪಿನಲ್ಲಿ ನೀರು ಹರಿದಿತ್ತು. ಬೀಗ ತೆಗೆದು ನೋಡಿದರೆ ಬಚ್ಚಲು ಒಣಗಿ ಬಿರಿದಿತ್ತು. ಹಂಡೆಯೊಳಗೆ ಹಲ್ಲಿಯ ಹಿಕ್ಕೆ. ನೆಲದ ಧೂಳಿನಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ.

ಮುರಳೀಕೃಷ್ಣ ಹೊಸ್ತಿಲ ಮೇಲೆ ಕೂತ. ಹಾಸನದಲ್ಲಿ ಅಮ್ಮನಿಗೆ ಮೈ ಒರೆಸುವುದಷ್ಟೇ ಆಗುತ್ತಿತ್ತು, ಡಾಕ್ಟರು ನೀರು ಸೋಕಿಸಬೇಡಿ ಎಂದಿದ್ದರು ಎಂದು ಹೇಳಿದ.

“ನಾಗಲಕ್ಷ್ಮಮ್ಮ, ಅಮ್ಮ ದಿನಾ ಬೆಳಿಗ್ಗೆ ಕೇಳೋರು, ತಲೆ ಮೇಲೆ ನಾಲ್ಕು ಚೆಂಬು ಬಿಸಿನೀರು ಹಾಕೋ ಅಂತ. ನಾಳೆ ಹಾಕ್ತೀನಿ ಅಂತಿದ್ದೆ.”

ನಾಗಲಕ್ಷ್ಮಿ ಮನೆಗೆ ಹೋಗಿ ಒಲೆ ಹೊತ್ತಿಸಿದಳು. ಕಾದ ನೀರನ್ನು ಕೊಡಗಳಲ್ಲಿ ತಂದು ಹಂಡೆ ತೊಳೆದು ತುಂಬಿಸಿದಳು. ಸೀಗೆಪುಡಿ ಕಲಸಿಟ್ಟಳು. ಹದ ನೋಡಿ ಹಾಕಿ ಎಂದಳು. ಮುರಳೀಕೃಷ್ಣ ಬಚ್ಚಲ ಕಲ್ಲಿನ ಮೇಲೆ ಒಂದೊಂದೇ ಚೆಂಬು ಹುಯ್ದ, ಎದುರಿಗೆ ಯಾರೋ ಕೂತಿರುವಂತೆ, ಕಣ್ಣಿಗೆ ಹೋಗದ ಹಾಗೆ ಮೆಲ್ಲಗೆ. ಹಂಡೆ ಬರಿದಾಯಿತು. ನೀರೆಲ್ಲ ಗೊಳಗೊಳನೆ ತೂತಿಗೆ ಇಳಿಯಿತು.

ಹೊರಗೆ ಪೈಪಿನ ಬಳಿ ಲಕ್ಕಯ್ಯ ನಿಂತಿದ್ದ. ಮುರಳೀಕೃಷ್ಣ ಒಳಗಿನಿಂದಲೇ ನೀರು ಬಂತೇ ಎಂದು ಕೇಳಿದ.

“ಒಂದ್ ತೊಟ್ಟೂ ಬರ್ನಿಲ್ಲ ಸಾ.”

ಲಕ್ಕಯ್ಯ ಮೊಣಕೈವರೆಗೆ ಪೈಪಿನೊಳಗೆ ಕೈ ಹಾಕಿದ. ಬೆಳಿಗ್ಗೆಯಷ್ಟೇ ನೀರು ಹರಿದ ಪೈಪಿನಿಂದ ಅವನ ಕೈಗೆ ಬಂದದ್ದು ಒಣ ಧೂಳು. ಮುರಳೀಕೃಷ್ಣ ಬಾಗಿಲು ಹಾಕಿ ಹೊರಟ.

ಆಮೇಲೆ ಬೀಗ ಹಾಕಿದ ಮನೆಯಿಂದ ನೀರು ಬರಲಿಲ್ಲ. ವರ್ಷದ ನಂತರ ಅಲ್ಲಿಗೆ ಬಾಡಿಗೆಗೆ ಒಬ್ಬ ಮೇಷ್ಟರ ಸಂಸಾರ ಬಂತು. ಗಾರೆಯವನು ಪೈಪನ್ನು ಪರೀಕ್ಷಿಸಿದ. ಎಲ್ಲೂ ಕಟ್ಟಿಕೊಂಡಿರಲಿಲ್ಲ, ಒಡೆದಿರಲಿಲ್ಲ. ಈಗ ಅವರ ಮನೆಯ ಸೋಪಿನ ನೀರು ಚೆನ್ನಾಗಿಯೇ ಹರಿದು ಬರುತ್ತದೆ. ನಾಗಲಕ್ಷ್ಮಿ ಅದನ್ನು ಹೊಸ ಅವರೆ ಚಪ್ಪರದ ಬುಡಕ್ಕೆ ತಿರುಗಿಸಿದ್ದಾಳೆ. ಪೈಪು ಸದ್ದು ಮಾಡಿದರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಒಳಗೆ ಹೋಗುತ್ತಾಳೆ. ಹೆದರಿಕೆಯೇ ಎಂದು ಮೇಷ್ಟರ ಹೆಂಡತಿ ಕೇಳಿದ್ದಕ್ಕೆ ಅಲ್ಲವೆಂದಳು.

“ಮೀಯೋರ್ ಅತ್ರ ನಿಂತ್ಕಬಾರ್ದು ಕಣವ್ವ, ಅಷ್ಟೇಯ.”